ಸೋರುವ ವಾಲ್ವ್‌ನ ಬಾಯಿ ಮುಚ್ಚಬೇಡಿ

ಸಿಟ್ಟು ಇನ್ನೂ ಇಳಿದಿಲ್ಲ. ಹಾಗಾಗಿ ಬರಹ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಈಗಷ್ಟೇ ಗೆಳೆಯರೊಬ್ಬರ ಮನೆಯಿಂದ ಬಂದೆ. ಅವರ ಕಾಂಬಿ ಬಾಯ್ಲರ್‌ನ ಸೇಫ್ಟಿ ವಾಲ್ವ್, ಅಂದರೆ ಒಳಗೆ ಒತ್ತಡ ಹೆಚ್ಚಾದರೆ ನೀರು ಹೊರಬಿಡುವ ವಾಲ್ವ್, ತೊಟ್ಟಿಕ್ಕುತ್ತಿತ್ತಂತೆ. ರಿಪೇರಿಗೆ ಬಂದ ಯಾರೋ ಹೊರಗೋಡೆಯಲ್ಲಿರುವ ಅದರ ತಾಮ್ರದ ಪೈಪಿನ ಬಾಯಿಗೆ ಕ್ಯಾಪ್ ಬಿಗಿದು ಹೋಗಿದ್ದಾರೆ. "ಈಗ ಒಂದು ಹನಿ ಇಲ್ಲ ನೋಡಿ" ಅಂತ ಗೆಳೆಯರು ಸಮಾಧಾನದಿಂದ ತೋರಿಸಿದರು. ನಾನು ಮೊದಲು ಬಾಯ್ಲರ್ ಆಫ್ ಮಾಡಿಸಿದೆ. ಮಾತು ಏನಿದ್ದರೂ ಆಮೇಲೆ.

ಪಾನಾ ಹಿಡಿದು ಬದುಕಿದವನು ನಾನು, ನಿಮಗೆಲ್ಲ ಗೊತ್ತು. ಸೇಫ್ಟಿ ವಾಲ್ವ್ ಸೋರಿದರೆ ಕೆಟ್ಟಿರೋದು ವಾಲ್ವೇ ಅಂತ ತೀರ್ಮಾನ ಮಾಡುವವರನ್ನು ಕಂಡರೆ ನನಗೆ ತಡೆಯೋಕೆ ಆಗಲ್ಲ. ಜಾಸ್ತಿ ಸಲ ಆ ವಾಲ್ವ್ ತನ್ನ ಕೆಲಸವನ್ನೇ ಮಾಡುತ್ತಿರುತ್ತೆ. ತಪ್ಪು ಬೇರೆ ಕಡೆ ಇರುತ್ತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತೆ ಇವರ ರಿಪೇರಿ.

ಕಾಂಬಿ ಬಾಯ್ಲರ್ ಅಂದರೆ ಗೋಡೆಗೆ ನೇತುಹಾಕಿದ, ಗ್ಯಾಸ್‌ನಿಂದ ಉರಿಯುವ ಒಂದೇ ಪೆಟ್ಟಿಗೆ. ನಲ್ಲಿ ತಿರುಗಿಸಿದಾಗ ಬಿಸಿನೀರು ಕೊಡುತ್ತೆ, ಕೋಣೆಗಳ ರೇಡಿಯೇಟರ್‌ಗಳನ್ನೂ ಬಿಸಿ ಮಾಡುತ್ತೆ. ರೇಡಿಯೇಟರ್‌ನಲ್ಲಿ ಓಡುವ ನೀರು ಹೊರಗೆ ಹೋಗಲ್ಲ. ಅದೇ ನೀರು ಮುಚ್ಚಿದ ಪೈಪುಗಳಲ್ಲಿ ಸುತ್ತುತ್ತಾ ಇರುತ್ತೆ. ತಣ್ಣಗಿದ್ದಾಗ, ಆ ನೀರಿನ ಒತ್ತಡ ತೋರಿಸುವ ಗೇಜ್‌ನ ಮುಳ್ಳು 1ರಿಂದ 1.5 ಬಾರ್ ಮಧ್ಯೆ ನಿಂತಿರಬೇಕು.

ಆ ನೀರು ಕಾದರೆ ಹಿಗ್ಗುತ್ತೆ. 10 ಡಿಗ್ರಿಯ ನೂರು ಲೀಟರ್ ನೀರನ್ನು 80 ಡಿಗ್ರಿಗೆ ಕಾಯಿಸಿದರೆ ಹತ್ತಿರ ಹತ್ತಿರ 3 ಲೀಟರ್ ಹೆಚ್ಚಾಗುತ್ತೆ. ನೀರನ್ನು ಅದುಮಿ ಚಿಕ್ಕದು ಮಾಡೋಕೆ ಆಗಲ್ಲ. ಹೆಚ್ಚಾದ ನೀರಿಗೆ ಜಾಗ ಬೇಕಲ್ವಾ? ಅದಕ್ಕೇ ಬಾಯ್ಲರ್‌ನಲ್ಲಿ ಎಕ್ಸ್‌ಪಾನ್ಷನ್ ವೆಸೆಲ್ ಅಂತ ಒಂದು ಡಬ್ಬಿ ಇರುತ್ತೆ. ಒಳಗೆ ರಬ್ಬರ್ ಪರದೆ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಒತ್ತಿ ತುಂಬಿದ ಗಾಳಿ. ನೀರು ಹಿಗ್ಗಿದಾಗ ಪರದೆ ಗಾಳಿಯ ಕಡೆಗೆ ಸರಿದು ಜಾಗ ಕೊಡುತ್ತೆ.

ವರ್ಷಗಳು ಕಳೆದ ಹಾಗೆ ಆ ಗಾಳಿ ಮೆಲ್ಲಗೆ ಕಡಿಮೆ ಆಗುತ್ತೆ. ಯಾರೂ ಅದನ್ನು ನೋಡಿರಲ್ಲ. ಗಾಳಿ ಹೋದ ಮೇಲೆ ಹೀಟಿಂಗ್ ಹಾಕಿ ಗೇಜ್ ಮುಂದೆ ನಿಂತುಕೊಳ್ಳಿ. ಮುಳ್ಳು 1.2ರಲ್ಲಿ ಇದ್ದದ್ದು ಕಣ್ಣೆದುರೇ 2 ದಾಟುತ್ತೆ, 2.5 ದಾಟುತ್ತೆ, 3ರ ಹತ್ತಿರ ಕೆಂಪು ಗೆರೆಗೆ ಬಂದು ಸಣ್ಣಗೆ ನಡುಗುತ್ತೆ. ಆಗ ಹೊರಗಿನ ಪೈಪಿನಿಂದ ನೀರು ಬೀಳೋಕೆ ಶುರು. ಮನೆಯ ಬಾಯ್ಲರ್‌ಗಳಲ್ಲಿ ಸೇಫ್ಟಿ ವಾಲ್ವ್ ಸಾಮಾನ್ಯವಾಗಿ 3 ಬಾರ್‌ಗೆ ತೆರೆಯುತ್ತೆ. ತೆರೆಯಲೇಬೇಕು. ಅದಕ್ಕೇ ಅದನ್ನು ಇಟ್ಟಿರೋದು.

ಮುಂದಿನದು ಇನ್ನೂ ಬೇಸರದ ಕಥೆ. ನೀರು ಹೊರಗೆ ಹೋಯಿತಲ್ಲ, ಬಾಯ್ಲರ್ ತಣ್ಣಗಾದಾಗ ಮುಳ್ಳು ಸೊನ್ನೆ ಹತ್ತಿರ ಇಳಿದು ಬಾಯ್ಲರ್ ನಿಂತೇ ಹೋಗುತ್ತೆ. ಮನೆಯವರು ಫಿಲ್ಲಿಂಗ್ ಲೂಪ್, ಅಂದರೆ ಮನೆಯ ನಲ್ಲಿ ನೀರನ್ನು ಬಾಯ್ಲರ್‌ಗೆ ಬಿಡುವ ಪೈಪಿನ ಕೀಲಿ, ತಿರುಗಿಸಿ ಹೊಸ ನೀರು ತುಂಬುತ್ತಾರೆ. ಮತ್ತೆ ಕಾಯುತ್ತೆ, ಮತ್ತೆ ಚೆಲ್ಲುತ್ತೆ, ಮತ್ತೆ ತುಂಬುತ್ತಾರೆ. ಹೊಸ ನೀರಿನ ಜೊತೆ ಹೊಸ ಆಮ್ಲಜನಕ ಒಳಗೆ ಬರುತ್ತೆ. ರೇಡಿಯೇಟರ್ ಒಳಗೆ ತುಕ್ಕು ಹಿಡಿದು ಕಪ್ಪು ಕೆಸರು ಕಟ್ಟುತ್ತೆ. ಆ ಕೆಸರಿನ ಒಂದು ಕಣ ವಾಲ್ವ್‌ನ ರಬ್ಬರ್ ಸೀಟಿನ ಮೇಲೆ ಕೂತರೆ ಮುಗೀತು, ಒತ್ತಡ ಹೆಚ್ಚಿಲ್ಲದಾಗಲೂ ಅದು ಹನಿಯುತ್ತೆ. ಆಗ "ನೋಡಿ, ವಾಲ್ವೇ ಹಾಳಾಗಿತ್ತು" ಅನ್ನುತ್ತಾರೆ. ಹೌದು, ಈಗ ಹಾಳಾಗಿದೆ. ಹಾಳು ಮಾಡಿದ್ದು ಯಾರು?

ಇದಕ್ಕೆ ಒಂದು ಉತ್ತರ ಸಿದ್ಧವಾಗಿರುತ್ತೆ. ವಾಲ್ವ್ ಅಗ್ಗ, ಬೇಗ ಸಿಗುತ್ತೆ, ಮೊದಲು ಅದನ್ನೇ ಬದಲಾಯಿಸಿ ನೋಡೋಣ ಅಂತ. ಒಂದು ಸಲ ತೆರೆದ ವಾಲ್ವ್ ಎಷ್ಟೋ ಸಲ ಮತ್ತೆ ಸರಿಯಾಗಿ ಕೂರಲ್ಲ, ಬದಲಾಯಿಸೋದೇ ಒಳ್ಳೆಯದು. ಒಪ್ಪುತ್ತೇನೆ. ಆದರೆ ವೆಸೆಲ್ ಸರಿ ಮಾಡದೆ ಹೊಸ ವಾಲ್ವ್ ಹಾಕಿದರೆ ಅದೂ 3 ಬಾರ್‌ಗೆ ತೆರೆಯುತ್ತೆ, ಅದರ ಸೀಟಿನಲ್ಲೂ ಕೆಸರು ಕೂರುತ್ತೆ. ಮನೆಯವರು ಮತ್ತೆ ದುಡ್ಡು ಕೊಡಬೇಕು. ಇದನ್ನು ಅಗ್ಗ ಅಂತ ನಾನು ಒಪ್ಪಲ್ಲ.

ಕಾರಣ ಹುಡುಕೋದು ಕಷ್ಟವೂ ಅಲ್ಲ. ಮುಳ್ಳನ್ನು ನೋಡಿ, ಅಷ್ಟೇ. ಹೀಟಿಂಗ್ ಹಾಕಿದಾಗ ಮಾತ್ರ ಏರುತ್ತಾ? ಮೊದಲ ಅನುಮಾನ ವೆಸೆಲ್ ಮೇಲೆ. ಎಲ್ಲ ಆಫ್ ಇದ್ದು, ತಣ್ಣಗಿದ್ದರೂ ಮೆಲ್ಲಗೆ ಏರುತ್ತಾ? ಹೊರಗಿನ ನೀರು ಒಳಗೆ ನುಗ್ಗುತ್ತಿದೆ. ಫಿಲ್ಲಿಂಗ್ ಲೂಪಿನ ಕೀಲಿ ಪೂರ್ತಿ ಮುಚ್ಚಿಲ್ಲದಿರಬಹುದು, ಇಲ್ಲವಾದರೆ ರೇಡಿಯೇಟರ್ ನೀರಿನ ಬಿಸಿಯನ್ನು ನಲ್ಲಿ ನೀರಿಗೆ ದಾಟಿಸುವ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿರಬಹುದು. ಮುಳ್ಳು ಒಂದೂವರೆಯ ಆಸುಪಾಸಿನಲ್ಲೇ ಇದ್ದೂ ಹನಿಯುತ್ತಾ? ಆಗ ವಾಲ್ವ್‌ನದೇ ತಪ್ಪು, ಧಾರಾಳವಾಗಿ ಬದಲಾಯಿಸಿ. ಪೆಟ್ಟಿಗೆಯ ಒಳಗೇ ನೀರು ಇಳಿಯುತ್ತಿದ್ದರೆ ಅದು ಬಿಸಿನೀರನ್ನು ನಲ್ಲಿಯ ಕೆಲಸಕ್ಕೋ ರೇಡಿಯೇಟರ್‌ಗೋ ತಿರುಗಿಸುವ ಡೈವರ್ಟರ್ ವಾಲ್ವ್‌ನ ಓ-ರಿಂಗ್, ಅಂದರೆ ರಬ್ಬರ್ ಬಳೆ, ಸವೆದದ್ದೂ ಇರಬಹುದು. ಅದನ್ನು ಸರಿ ಮಾಡದೆ ಹಾಗೇ ಬಿಟ್ಟರೆ ನೀರು ಸರ್ಕ್ಯೂಟ್ ಬೋರ್ಡ್ ಮೇಲೆ ಬೀಳಬಹುದು.

ವೆಸೆಲ್ ಪರೀಕ್ಷೆ ಸೈಕಲ್ಲಿಗೆ ಗಾಳಿ ಹೊಡೆಯಲು ಬಂದವರಿಗೆ ಅರ್ಥವಾಗುವಂಥದ್ದು. ಅದರ ಮೇಲಿರೋದು ಕಾರಿನ ಟೈರಿನಲ್ಲಿರುವಂಥದ್ದೇ ಪಿನ್. ಕರೆಂಟ್ ತೆಗೆದು, ಬಾಯ್ಲರ್ ತಣ್ಣಗಾಗಲು ಬಿಟ್ಟು, ಒತ್ತಡ ಸೊನ್ನೆಗೆ ಇಳಿಸಿ ಪಿನ್ ಒತ್ತಬೇಕು. ಗಾಳಿ ಬಂದರೆ, ಅಥವಾ ಏನೂ ಬರದಿದ್ದರೆ, ಮ್ಯಾನುವಲ್‌ನಲ್ಲಿ ಹೇಳಿದಷ್ಟು ಗಾಳಿ ತುಂಬಬೇಕು. ಸಾಮಾನ್ಯವಾಗಿ 0.75ರಿಂದ 1 ಬಾರ್. ತುಂಬುವಾಗ ನೀರು ಹೊರಬಿಡುವ ಡ್ರೈನ್ ತೆರೆದೇ ಇರಬೇಕು, ಇಲ್ಲದಿದ್ದರೆ ಪಂಪಿನ ಗೇಜ್ ಸುಳ್ಳು ಹೇಳುತ್ತೆ. ಪಿನ್ನಿನಿಂದ ಕಪ್ಪು ನೀರು ಚಿಮ್ಮಿದರೆ ಪರದೆ ಹರಿದಿದೆ, ವೆಸೆಲ್ಲೇ ಬದಲಾಗಬೇಕು. ಕೆಲವು ಬಾಯ್ಲರ್‌ಗಳಲ್ಲಿ ಅದು ಹಿಂಬದಿಯಲ್ಲಿದ್ದು, ಇಡೀ ಬಾಯ್ಲರ್ ಇಳಿಸಬೇಕಾಗುತ್ತೆ. ಹಾಗಿದ್ದರೆ ರೇಡಿಯೇಟರ್‌ಗಳಿಂದ ಬಾಯ್ಲರ್‌ಗೆ ವಾಪಸ್ ಬರುವ ರಿಟರ್ನ್ ಪೈಪಿಗೆ, ಪೆಟ್ಟಿಗೆಯ ಹೊರಗಡೆ ಒಂದು ವೆಸೆಲ್ ಜೋಡಿಸಿದರೂ ನಡೆಯುತ್ತೆ.

ಇಷ್ಟೆಲ್ಲ ದಾರಿ ಇರುವಾಗ ಪೈಪಿನ ಬಾಯಿ ಮುಚ್ಚೋದಾ?

1831ರಲ್ಲಿ ಅಮೆರಿಕದ ಸೌತ್ ಕೆರೊಲಿನಾದಲ್ಲಿ 'ಬೆಸ್ಟ್ ಫ್ರೆಂಡ್ ಆಫ್ ಚಾರ್ಲ್ಸ್‌ಟನ್' ಅನ್ನುವ ರೈಲು ಎಂಜಿನ್ ಓಡುತ್ತಿತ್ತು. ಸೇಫ್ಟಿ ವಾಲ್ವ್‌ನಿಂದ ಬರುವ ಆವಿಯ ಸದ್ದು ಅದರ ಬೆಂಕಿ ನೋಡಿಕೊಳ್ಳುವವನಿಗೆ ಕಿರಿಕಿರಿ ಆಗಿ, ವಾಲ್ವನ್ನು ಅದುಮಿ ಮುಚ್ಚಿಬಿಟ್ಟ ಅಂತ ದಾಖಲಾಗಿದೆ. ಬಾಯ್ಲರ್ ಸಿಡಿಯಿತು, ಅವನು ಜೀವ ಕಳೆದುಕೊಂಡ. ಮನೆಯ ಬಾಯ್ಲರ್ ಆವಿ ಎಂಜಿನ್ ಅಲ್ಲ, ಅದಕ್ಕೆ ಥರ್ಮೋಸ್ಟಾಟ್ ಇದೆ, ಬೇರೆ ಕಾವಲುಗಳೂ ಇವೆ, ಗೊತ್ತು. ಆದರೆ ಆ ಕಾವಲುಗಳೆಲ್ಲ ಕೈಕೊಟ್ಟ ದಿನ ಉಳಿಯೋದು ಈ ವಾಲ್ವ್ ಒಂದೇ. ಹನಿ ಬೀಳೋದು ಕಿರಿಕಿರಿ ಅಂತ ಅದನ್ನು ಕಟ್ಟಿಹಾಕಿದವನ ಕೈಗೆ ಯಾರೂ ಇನ್ನೊಂದು ಮನೆಯ ಬಾಯ್ಲರ್ ಕೊಡಬಾರದು.

ನನಗೆ ಹೊಟ್ಟೆ ಉರಿಯೋದು ಇದಕ್ಕೇ. ಮನೆಯವರಿಗೆ ಇದೆಲ್ಲ ಗೊತ್ತಿರಬೇಕಾಗಿಲ್ಲ. ಗೊತ್ತಿದೆ ಅಂತ ನಂಬಿಸಿ ದುಡ್ಡು ತಗೊಂಡವನಿಗೆ ಗೊತ್ತಿರಬೇಕು. ಆ ಮನೆಯಲ್ಲಿ ಮಕ್ಕಳಿದ್ದಾರೆ.

ಒಂದು ಮಾತು. ಇದನ್ನು ಓದಿ ನೀವೇ ಪೆಟ್ಟಿಗೆ ಬಿಚ್ಚೋಕೆ ಹೋಗಬೇಡಿ. ಎಷ್ಟೋ ಬಾಯ್ಲರ್‌ಗಳಲ್ಲಿ ಮುಂದಿನ ಮುಚ್ಚಳವೇ ಉರಿಯುವ ಕೋಣೆಯ ಸೀಲ್ ಆಗಿರುತ್ತೆ. ಅದು ಸರಿಯಾಗಿ ಕೂರದಿದ್ದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಮನೆಯೊಳಗೆ ಬರಬಹುದು. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಗ್ಯಾಸ್ ಕೆಲಸದ ಲೈಸೆನ್ಸ್ ಇರುವವರನ್ನೇ ಕರೆಸಿ. ಮುಳ್ಳು ಯಾವಾಗ ಏರುತ್ತೆ, ಯಾವಾಗ ಇಳಿಯುತ್ತೆ ಅಂತ ಮೊದಲೇ ಗಮನಿಸಿ ಅವರಿಗೆ ಹೇಳಿ. ವಾಲ್ವ್‌ಗೆ ಪಾನಾ ಹಾಕೋ ಮೊದಲು "ವೆಸೆಲ್‌ನಲ್ಲಿ ಗಾಳಿ ಎಷ್ಟಿದೆ ನೋಡಿದ್ರಾ?" ಅಂತ ಕೇಳಿ. ಅವರು ನೋಡಿ ಹೇಳುವವರೆಗೆ ವಾಲ್ವ್ ಬಿಚ್ಚೋಕೆ ಬಿಡಬೇಡಿ.