ಸಲಿಕೆ ಏಟಿನ ಕತೆ: ಐರಿಶ್ ಸಾಹಿತ್ಯದ ಪಾಠಕ್ಕೆ ಪತ್ತೇದಾರಿ ಕಾದಂಬರಿ ಬೇಕೇ?

2027ರ ಜನವರಿಗೆ ಜೆ. ಎಂ. ಸಿಂಜ್ ಬರೆದ ‘ದಿ ಪ್ಲೇಬಾಯ್ ಆಫ್ ದಿ ವೆಸ್ಟರ್ನ್ ವರ್ಲ್ಡ್’ ನಾಟಕಕ್ಕೆ 120 ವರ್ಷ ತುಂಬುತ್ತದೆ. ಈ ನಾಟಕ ಬಿಟ್ಟು ಐರಿಶ್ ಸಾಹಿತ್ಯದ ಪಾಠ ಮಾಡುವವರು ಸಿಗುವುದು ಕಷ್ಟ. ಇತ್ತ ಕಳೆದ ಇಪ್ಪತ್ತು ವರ್ಷಗಳಲ್ಲಿ ಐರ್ಲೆಂಡಿನಿಂದ ಕೊಲೆ, ಪತ್ತೇದಾರಿ ಕಾದಂಬರಿಗಳು ಒಂದರ ಹಿಂದೊಂದು ಬರುತ್ತಿವೆ. ಅಲ್ಲಿನ ಪುಸ್ತಕ ಪ್ರಶಸ್ತಿಗಳಲ್ಲಿ ಅವಕ್ಕೇ ಒಂದು ಬೇರೆ ವಿಭಾಗ ಇದೆ. ಆದರೆ ಒಂದು ಸೆಮಿಸ್ಟರಿನಲ್ಲಿ ಓದಿಸಲು ಆಗುವುದು ಹತ್ತು ಹನ್ನೆರಡು ಪುಸ್ತಕ. ಅದರಲ್ಲಿ ನಾಟಕದ ಪಾಲನ್ನು ಸ್ವಲ್ಪ ಕಡಿಮೆ ಮಾಡಿ ಪತ್ತೇದಾರಿ ಕಾದಂಬರಿಗೆ ಕೊಡಬೇಕೇ?

ಪರ: ಕೊಲೆ ಕತೆ ಆ ಮನೆಯದ್ದೇ ಕೂಸು

ಮೊದಲು ‘ಪ್ಲೇಬಾಯ್’ ಕತೆಯನ್ನೇ ಹೇಳಿಬಿಡುತ್ತೇನೆ. ಐರ್ಲೆಂಡಿನ ಪಶ್ಚಿಮ ತೀರ, ಮೇಯೋ ಸೀಮೆ. ಊರಾಚೆಯ ಒಂದು ಹೆಂಡದಂಗಡಿ. ಕತ್ತಲಾದ ಮೇಲೆ ದಣಿದು, ಹೆದರಿ, ಕೊಳೆಯಾದ ಹುಡುಗನೊಬ್ಬ ಒಳಗೆ ಬರುತ್ತಾನೆ. ಹೆಸರು ಕ್ರಿಸ್ಟಿ ಮಾನ್. ಈ ಕಡೆ ಪೊಲೀಸರು ಬರುವುದುಂಟಾ ಅಂತ ಕೇಳುತ್ತಾನೆ. ಅಷ್ಟು ಸಾಕಾಯಿತು ಊರವರಿಗೆ. ಏನು ಮಾಡಿ ಬಂದಿದ್ದಾನೆ ಅಂತ ಒಬ್ಬೊಬ್ಬರೂ ಊಹೆ ಮಾಡತೊಡಗುತ್ತಾರೆ. ಕಳ್ಳತನವಾ? ಹುಡುಗಿ ವಿಷಯವಾ? ಖೋಟಾ ನಾಣ್ಯವಾ? ಕೊನೆಗೆ ಅವನೇ ಬಾಯಿಬಿಡುತ್ತಾನೆ. ಅಪ್ಪನನ್ನು ಕೊಂದೆ. ಆಲೂಗಡ್ಡೆ ಹೊಲದಲ್ಲಿ, ಸಲಿಕೆ ಎತ್ತಿ ತಲೆಗೆ ಬಿಟ್ಟೆ.

ಊರು ಅವನನ್ನು ಹಿಡಿದು ಕೊಡುವುದಿಲ್ಲ. ಕೆಲಸ ಕೊಟ್ಟು ಇಟ್ಟುಕೊಳ್ಳುತ್ತದೆ. ಮಾರನೆಯ ಬೆಳಿಗ್ಗೆ ಹುಡುಗಿಯರು ಬಾತುಕೋಳಿ ಮೊಟ್ಟೆ, ಬೆಣ್ಣೆ, ಕೇಕಿನ ತುಂಡು ಹಿಡಿದುಕೊಂಡು ನೋಡಲು ಬರುತ್ತಾರೆ. ಕತೆ ಹೇಳುತ್ತಾ ಹೇಳುತ್ತಾ ಏಟು ಬೆಳೆಯುತ್ತದೆ. ಮೊದಲು ನೆತ್ತಿಗೆ ಬಿದ್ದದ್ದು ಆಮೇಲೆ ಗಂಟಲವರೆಗೂ ಇಳಿದಿರುತ್ತದೆ. ಹುಡುಗನೂ ಮಾತಿನ ಜೊತೆಗೇ ಬೆಳೆಯುತ್ತಾನೆ. ಅಷ್ಟರಲ್ಲಿ ಸತ್ತ ಅಪ್ಪ ತಲೆಗೆ ಪಟ್ಟಿ ಕಟ್ಟಿಕೊಂಡು ಬಾಗಿಲಿಗೇ ಬಂದು ನಿಲ್ಲುತ್ತಾನೆ.

ಆಯುಧ ಇದೆ, ತಲೆಮರೆಸಿಕೊಂಡವನಿದ್ದಾನೆ, ವಿಚಾರಣೆ ಇದೆ, ಬದಲಾಗುವ ಹೇಳಿಕೆ ಇದೆ, ಕೊನೆಯಲ್ಲಿ ತಿರುವೂ ಇದೆ. ಇದು ಪತ್ತೇದಾರಿ ಕತೆಯ ಸಾಮಾನೇ ಅಲ್ವಾ? ಸಿಂಜ್ ಇದರ ಬೀಜವನ್ನು ಆರನ್ ದ್ವೀಪಗಳಲ್ಲಿ ಕೇಳಿದ್ದರು. ಅಪ್ಪನನ್ನು ಸಲಿಕೆಯಿಂದ ಹೊಡೆದು ಕೊಂದವನೊಬ್ಬನನ್ನು ದ್ವೀಪದ ಜನ ಪೊಲೀಸರಿಂದ ಬಚ್ಚಿಟ್ಟು ಅಮೆರಿಕಕ್ಕೆ ಸಾಗಿಸಿದ ಕತೆ ಅದು. ಐರಿಶ್ ರಂಗಭೂಮಿಯ ಅತಿ ದೊಡ್ಡ ನಾಟಕ ಹುಟ್ಟಿದ್ದೇ ಒಂದು ಕೊಲೆ ಸುದ್ದಿಯಿಂದ. ಹಾಗಿರುವಾಗ ಕೊಲೆ ಕಾದಂಬರಿಯನ್ನು ಮಾತ್ರ ಜಗುಲಿಯಲ್ಲಿ ಕೂರಿಸುವುದು ನನಗೆ ನ್ಯಾಯ ಅನ್ನಿಸುವುದಿಲ್ಲ.

ಇದು ನಿನ್ನೆ ಮೊನ್ನೆಯ ನಂಟೂ ಅಲ್ಲ. ಡಬ್ಲಿನ್ನಿನ ಶೆರಿಡನ್ ಲೆ ಫಾನು 1838ರಲ್ಲೇ ಒಳಗಿನಿಂದ ಬೀಗ ಹಾಕಿದ ಕೋಣೆಯಲ್ಲಿ ನಡೆದ ಕೊಲೆಯ ಕತೆ ಬರೆದಿದ್ದರು. ಪತ್ತೇದಾರಿ ಕತೆಯ ಮೂಲಪುರುಷ ಅಂತ ನಾವು ಹೇಳುವ ಎಡ್ಗರ್ ಅಲನ್ ಪೋ ಅಂಥದ್ದೇ ಬೀಗದ ಕೋಣೆಯ ಕತೆ ಬರೆದದ್ದು 1841ರಲ್ಲಿ.

ನಡುವೆ ಒಂದು ದೊಡ್ಡ ಬಿಡುವು ಬಿತ್ತು, ನಿಜ. ಐರ್ಲೆಂಡಿನಲ್ಲಿ ಹುಟ್ಟಿದವರು ಬರೆದರೂ ಅವರ ಪತ್ತೇದಾರರು ಹೆಚ್ಚಾಗಿ ಇಂಗ್ಲೆಂಡಿನಲ್ಲೇ ಓಡಾಡಿದರು. ಯಾಕೆ ಅಂತ ಯೋಚಿಸಿದರೆ ಕಾರಣ ಸಿಗುತ್ತದೆ. ಪೊಲೀಸ್ ಅಂದರೆ ಬ್ರಿಟಿಷರ ಕೈ. ಪೊಲೀಸರಿಗೆ ಸುದ್ದಿ ಕೊಡುವವನು ಊರಿನ ದ್ರೋಹಿ. ಅಂಥ ಕಡೆ ಪೊಲೀಸನನ್ನು ಕತೆಯ ನಾಯಕ ಮಾಡುವುದು ಹೇಗೆ? ಬ್ರಿಟಿಷರ ಕೈಯಲ್ಲೇ ಉಳಿದ ಉತ್ತರ ಐರ್ಲೆಂಡಿನಲ್ಲಂತೂ ಮೂವತ್ತು ವರ್ಷದ ಹಿಂಸೆಯಲ್ಲಿ ಸುಮಾರು 3,500 ಜನ ಸತ್ತರು. ಬೀದಿಯಲ್ಲೇ ಹೆಣ ಬೀಳುವಾಗ ಕೊಲೆಯನ್ನು ಒಗಟು ಮಾಡಿ ಬರೆಯುವ ಮನಸ್ಸು ಯಾರಿಗೆ ಬರುತ್ತದೆ? 1996ರಲ್ಲಿ ಡ್ರಗ್ಸ್ ದಂಧೆ ಬಗ್ಗೆ ಬರೆಯುತ್ತಿದ್ದ ಪತ್ರಕರ್ತೆ ವೆರೋನಿಕಾ ಗೆರಿನ್ ಅವರನ್ನು ಸಿಗ್ನಲ್ಲಿನಲ್ಲಿ ನಿಂತ ಕಾರಿನಲ್ಲೇ ಗುಂಡಿಟ್ಟು ಕೊಂದರು. 1998ರಲ್ಲಿ ಉತ್ತರದಲ್ಲಿ ಶಾಂತಿ ಒಪ್ಪಂದ ಆಯಿತು. ಆಮೇಲೆ ಬೇರೆ ಪ್ರಶ್ನೆಗಳು ಎದ್ದವು. ನಮ್ಮೊಳಗೇ ಇರುವ ಕೊಲೆಗಾರ ಯಾರು? ಹಿಂದೆ ಕೊಂದವನು ಈಗ ಯಾವ ಕುರ್ಚಿಯಲ್ಲಿ ಕೂತಿದ್ದಾನೆ?

ಈ ಪ್ರಶ್ನೆ ಹಿಡಿದು ಬಂದ ಕಾದಂಬರಿಕಾರರಲ್ಲಿ ಕೆಲವರು ರಂಗಭೂಮಿಯ ಬಾಗಿಲಿಂದಲೇ ಬಂದರು ಅನ್ನುವುದನ್ನು ಗಮನಿಸಿ. ಟಾನಾ ಫ್ರೆಂಚ್ ಟ್ರಿನಿಟಿ ಕಾಲೇಜಿನಲ್ಲಿ ನಟನೆ ಕಲಿತವರು. ಡೆಕ್ಲನ್ ಹ್ಯೂಸ್ ರಫ್ ಮ್ಯಾಜಿಕ್ ನಾಟಕ ತಂಡ ಕಟ್ಟಿದವರಲ್ಲಿ ಒಬ್ಬರು. 2006ರಿಂದ ಹ್ಯೂಸ್ ಬರೆದ ಕಾದಂಬರಿಗಳ ಪತ್ತೇದಾರನ ಹೆಸರು ಎಡ್ ಲಾಯ್. ಲಾಯ್ ಅಂದರೆ ಏನು ಗೊತ್ತಾ? ಆಲೂಗಡ್ಡೆ ಪಾತಿ ಅಗೆಯುವ, ಕಿರಿದಾದ ಉದ್ದ ಅಲಗಿನ ಐರಿಶ್ ಸಲಿಕೆ. ಕ್ರಿಸ್ಟಿ ಮಾನ್ ಅಪ್ಪನ ತಲೆಗೆ ಬೀಸಿದ್ದು ಅದನ್ನೇ. ನೂರು ವರ್ಷದ ಹಿಂದಿನ ನಾಟಕದ ಆಯುಧ ಇಂದಿನ ಪತ್ತೇದಾರನ ಹೆಸರಾಗಿದೆ! ಇವೆರಡನ್ನೂ ಒಂದೇ ಕ್ಲಾಸಿನಲ್ಲಿ ಪಕ್ಕಪಕ್ಕ ಇಟ್ಟು ಓದಿಸದಿದ್ದರೆ ಮಕ್ಕಳಿಗೆ ಈ ಎಳೆ ಯಾವಾಗ ಸಿಗಬೇಕು?

ಇನ್ನು ಈ ಕಾದಂಬರಿಗಳು ಸುಮ್ನೆ ಒಗಟು ಬಿಡಿಸುತ್ತಾ ಕೂತಿಲ್ಲ. ಫ್ರೆಂಚ್ ಅವರ ‘ಬ್ರೋಕನ್ ಹಾರ್ಬರ್’ (2012) ತೆಗೆದುಕೊಳ್ಳಿ. 2008ರಲ್ಲಿ ಐರ್ಲೆಂಡಿನ ಮನೆ ವ್ಯಾಪಾರ ಮುಗ್ಗರಿಸಿತು. 2010ರ ಸರ್ಕಾರಿ ಸಮೀಕ್ಷೆಯಲ್ಲಿ 2,800ಕ್ಕೂ ಹೆಚ್ಚು ಬಡಾವಣೆಗಳು ಅರ್ಧಕ್ಕೇ ನಿಂತಿದ್ದವು. ಜನ ಅವನ್ನು ದೆವ್ವದ ಬಡಾವಣೆ ಅಂದರು. ಈ ಕಾದಂಬರಿಯ ಕುಟುಂಬ ಅಂಥ ಒಂದು ಕಡಲಂಚಿನ ಬಡಾವಣೆಯಲ್ಲಿ, ಸಾಲ ಮಾಡಿ ಕೊಂಡ ಮನೆಯಲ್ಲಿದೆ. ಕೊಲೆಯಾದ ಮೇಲೆ ಪೊಲೀಸರು ಒಳಗೆ ಹೋಗಿ ನೋಡಿದರೆ ಮನೆ ಒಪ್ಪವಾಗಿದೆ. ಆದರೆ ಗೋಡೆಗಳಲ್ಲಿ ದೊಡ್ಡ ದೊಡ್ಡ ತೂತು. ಆ ತೂತುಗಳ ಕಡೆಗೆ ತಿರುಗಿಸಿಟ್ಟ, ಮಗು ಮಲಗಿದ್ದನ್ನು ನೋಡುವ ಕ್ಯಾಮೆರಾಗಳು. ಗೋಡೆಯೊಳಗೆ ಏನೋ ಓಡಾಡುತ್ತಿದೆ ಅಂತ ಯಾರೋ ಕಾದು ಕೂತಿದ್ದರು. ಕೆಲಸ ಹೋದವನ ತಲೆಯೊಳಗೆ ಏನಾಗುತ್ತದೆ ಅನ್ನುವುದನ್ನು ಈ ಒಂದು ಚಿತ್ರ ಹೇಳಿದಷ್ಟು ಯಾವ ಆರ್ಥಿಕ ವರದಿಯೂ ನನಗೆ ಹೇಳಿಲ್ಲ.

ಜಾನ್ ಬ್ಯಾನ್‌ವಿಲ್ 2005ರಲ್ಲಿ ಬೂಕರ್ ಗೆದ್ದರು. ಮರುವರ್ಷವೇ ಬೆಂಜಮಿನ್ ಬ್ಲ್ಯಾಕ್ ಅನ್ನುವ ಹೆಸರಲ್ಲಿ ‘ಕ್ರಿಸ್ಟೀನ್ ಫಾಲ್ಸ್’ ತಂದರು. 1950ರ ದಶಕದ ಡಬ್ಲಿನ್ನಿನಲ್ಲಿ ಹೆಣ ಪರೀಕ್ಷೆ ಮಾಡುವ ಡಾಕ್ಟರ್ ಕ್ವರ್ಕ್, ಸತ್ತ ಹುಡುಗಿಯೊಬ್ಬಳ ಕಡತವನ್ನು ತನ್ನ ಮನೆಯವನೇ ತಿದ್ದುವುದನ್ನು ನೋಡುತ್ತಾನೆ. ಆ ದಾರಿ ಹಿಡಿದು ಹೋದರೆ ಮದುವೆಯಾಗದ ತಾಯಂದಿರು, ಅವರನ್ನು ಕೂಡಿಹಾಕಿ ಬಟ್ಟೆ ಒಗೆಸಿ ದುಡಿಸಿದ, ಕ್ರೈಸ್ತ ಸನ್ಯಾಸಿನಿಯರ ಮ್ಯಾಗ್ಡಲೀನ್ ಲಾಂಡ್ರಿಗಳು, ಕಡಲಾಚೆ ಕಳಿಸಿದ ಕೂಸುಗಳು. ಲಾಂಡ್ರಿಗಳ ವಿಷಯದಲ್ಲಿ ಐರಿಶ್ ಪ್ರಧಾನಿ ಕ್ಷಮೆ ಕೇಳಿದ್ದು 2013ರಲ್ಲಿ. ಕಾದಂಬರಿ ಏಳು ವರ್ಷ ಮುಂಚೆ ಬಂದಿತ್ತು. ಸ್ಟುವರ್ಟ್ ನೆವಿಲ್ ಅವರ ‘ದಿ ಟ್ವೆಲ್ವ್’ (2009) ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನದು. ಹಳೆಯ ಹಂತಕನೊಬ್ಬನ ಹಿಂದೆ ಅವನೇ ಕೊಂದ ಹನ್ನೆರಡು ಜನರ ದೆವ್ವಗಳು ಬಿದ್ದಿವೆ. ಒಪ್ಪಂದ ಆಯಿತು, ಎಲ್ಲಾ ಮರೆತುಬಿಡೋಣ ಅನ್ನುವವರಿಗೆ ಇದಕ್ಕಿಂತ ನೇರ ಉತ್ತರ ಬೇಕಾ?

ನಮ್ಮಲ್ಲೂ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಹಿಡಿದು ಓದಿನ ರುಚಿ ಹತ್ತಿಸಿಕೊಂಡವರು ಎಷ್ಟೋ ಮಂದಿ. ಕಾಲೇಜಿನ ಪಾಠದಲ್ಲಿ ಅವರ ಹೆಸರು ಕೇಳಿದವರು ಕಡಿಮೆ. ಆ ತಪ್ಪು ಐರ್ಲೆಂಡಿನಲ್ಲಾದರೂ ಆಗದಿರಲಿ. ಸಿಂಜ್ ಇರಲಿ, ಜೊತೆಗೆ ಫ್ರೆಂಚ್ ಇರಲಿ. ಅದಕ್ಕೆ ಎರಡು ನಾಟಕ ಬಿಡಬೇಕಾಗಿ ಬಂದರೆ ಬಿಡೋಣ.

ವಿರೋಧ: ಸತ್ತವರು ಎದ್ದು ಮಾತಾಡುವುದು ರಂಗದ ಮೇಲೆ

ಲಾಯ್ ಹೆಸರಿನ ಎಳೆ ನನಗೂ ಇಷ್ಟ. ಈ ಕಾದಂಬರಿಗಳನ್ನು ನಾನೂ ರಾತ್ರಿ ಎರಡು ಗಂಟೆವರೆಗೆ ಕೂತು ಓದಿದ್ದೇನೆ. ಅವು ಕೀಳು ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಆದರೆ ಓದುವುದು ಬೇರೆ, ಓದಿಸುವುದು ಬೇರೆ. ‘ಎರಡು ನಾಟಕ ಬಿಡೋಣ’ ಅನ್ನುವ ಆ ಸುಲಭದ ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

ಪತ್ತೇದಾರಿ ಕಾದಂಬರಿಗೆ ಮೇಷ್ಟ್ರು ಬೇಕಿಲ್ಲ. ರೈಲಿನಲ್ಲಿ, ಹಾಸಿಗೆಯಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ ತಾನೇ ಓದಿಸಿಕೊಳ್ಳುತ್ತದೆ. ಅದರ ಶಕ್ತಿಯೇ ಅದು. ನಾಟಕ ಹಾಗಲ್ಲ. ಅಚ್ಚಾದ ನಾಟಕ ಅಂದರೆ ಒಣಗಿಸಿಟ್ಟ ಹಪ್ಪಳ. ಎಣ್ಣೆಗೆ ಬಿದ್ದರೇನೇ ಅರಳುವುದು. ನಾಲ್ಕು ಜನ ಎದ್ದು ನಿಂತು ಜೋರಾಗಿ ಓದಬೇಕು, ಉಳಿದವರು ಕೇಳಬೇಕು. ಓದುವ ಚಟ ಹತ್ತಿದ ಹುಡುಗಿ ಟಾನಾ ಫ್ರೆಂಚನ್ನು ತಾನೇ ಹುಡುಕಿಕೊಳ್ಳುತ್ತಾಳೆ. ನಾಟಕಕಾರ ಬ್ರಯನ್ ಫ್ರೀಲನ್ನು ಕ್ಲಾಸಿನಲ್ಲಿ ಕೊಡದಿದ್ದರೆ ಆಮೇಲೆ ಹುಡುಕುವವರು ಎಷ್ಟು ಜನ?

‘ಪ್ಲೇಬಾಯ್’ ಕತೆಯನ್ನು ಅರ್ಧಕ್ಕೇ ನಿಲ್ಲಿಸಿದ್ದೀರಿ. ಮುಂದಿನದ್ದು ಕೇಳಿ. ಅಪ್ಪ ಬದುಕಿದ್ದಾನೆ ಅಂತ ಗೊತ್ತಾದಾಗ ಊರು ಹುಡುಗನನ್ನು ಗೇಲಿ ಮಾಡುತ್ತದೆ. ಅವನು ಕಳೆದ ಮಾನ ಉಳಿಸಿಕೊಳ್ಳಲು ಮತ್ತೆ ಸಲಿಕೆ ಎತ್ತುತ್ತಾನೆ. ಈ ಸಲ ಅವರ ಹಿತ್ತಲಲ್ಲೇ. ಆಗ ಅದೇ ಊರು ಅವನಿಗೆ ಹಗ್ಗ ಬಿಗಿಯುತ್ತದೆ. ಅವನನ್ನು ಪ್ರೀತಿಸಿದ ಪೆಗೀನ್ ಉರಿಯುವ ಕೊಳ್ಳಿ ತಂದು ಅವನ ಕಾಲು ಸುಡುತ್ತಾಳೆ. ಕೇಳಲು ಸೊಗಸಾದ ಕತೆಗೂ ಕಣ್ಣೆದುರಿನ ಹೊಲಸು ಕೆಲಸಕ್ಕೂ ನಡುವೆ ಬಲು ದೊಡ್ಡ ಕಂದರ ಇದೆ ಅಂತ ಅವಳೇ ಹೇಳುತ್ತಾಳೆ. ಕೊಲೆ ಕಾದಂಬರಿಯ ಬಗ್ಗೆ ನನ್ನ ಅಳುಕು ಪೂರ್ತಿ ಈ ಮಾತಿನಲ್ಲಿದೆ. ಕಾದಂಬರಿ ನಮ್ಮನ್ನು ಸೊಗಸಾದ ಕತೆಯ ದಡದಲ್ಲೇ ಬಿಟ್ಟುಬಿಡುತ್ತದೆ. ನಾವು ಒಬ್ಬರೇ ಕೂತು, ಬೆಚ್ಚಗೆ ಹೊದ್ದು ಓದುತ್ತೇವೆ. ನಾಟಕ ಆಚೆ ದಡಕ್ಕೆ ಎಳೆದು ತರುತ್ತದೆ. 1907ರ ಜನವರಿ 26ರ ರಾತ್ರಿ ಡಬ್ಲಿನ್ನಿನ ಆ್ಯಬಿ ಥಿಯೇಟರಿನಲ್ಲಿ ಹಾಗೇ ಆಯಿತು. ಕೊನೆಯ ಅಂಕದಲ್ಲಿ ಹೆಂಗಸರ ಒಳಲಂಗದ ಹೆಸರು ಬಂದದ್ದೇ ಜನ ಕಿರುಚಾಡಿದರು. ಮುಂದಿನ ಪ್ರದರ್ಶನಗಳಿಗೆ ಪೊಲೀಸರನ್ನು ಕರೆಸಬೇಕಾಯಿತು. ಕೂಗಿದ್ದು ಒಂದು ಬಟ್ಟೆಯ ಹೆಸರಿಗೆ ಅಂತ ನನಗೆ ಅನ್ನಿಸುವುದಿಲ್ಲ. ತಾವೂ ಆ ಊರಿನವರೇ ಅಂತ ಆ ಸಭೆಗೆ ಗೊತ್ತಾಗಿಹೋಗಿತ್ತು.

ಇನ್ನು ಲಾಂಡ್ರಿ ವಿಷಯ. ಕಾದಂಬರಿ ಕ್ಷಮೆಗಿಂತ ಏಳು ವರ್ಷ ಮುಂಚೆ ಬಂತು ಅಂದಿರಿ. ಪೆಟ್ರೀಷಿಯಾ ಬರ್ಕ್ ಬ್ರೋಗನ್ ಬರೆದ ‘ಎಕ್ಲಿಪ್ಸ್ಡ್’ ನಾಟಕ ಗಾಲ್ವೇಯಲ್ಲಿ ರಂಗಕ್ಕೆ ಬಂದದ್ದು 1992ರಲ್ಲಿ. ಅಂದರೆ ಕ್ವರ್ಕ್‌ಗಿಂತ 14 ವರ್ಷ ಮೊದಲು. ಆಗ ದೇಶದ ಕೊನೆಯ ಲಾಂಡ್ರಿಗೆ ಇನ್ನೂ ಬೀಗ ಬಿದ್ದಿರಲಿಲ್ಲ. ಅದು ಮುಚ್ಚಿದ್ದು 1996ರಲ್ಲಿ. ಬ್ರೋಗನ್ ಸ್ವತಃ ಸನ್ಯಾಸಿನಿಯಾಗಲು ಹೊರಟಿದ್ದಾಗ ಗಾಲ್ವೇಯ ಲಾಂಡ್ರಿಯೊಳಗೆ ಕಾಲಿಟ್ಟು ನೋಡಿದ್ದವರು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ‘ಕ್ರಿಸ್ಟೀನ್ ಫಾಲ್ಸ್’ನಲ್ಲಿ ಕ್ರಿಸ್ಟೀನ್ ಶುರುವಿನಲ್ಲೇ ಶವಾಗಾರದಲ್ಲಿ ಮಲಗಿದ್ದಾಳೆ. ಪುಸ್ತಕದ ಹೆಸರೇ ಅವಳದ್ದು, ಆದರೆ ಅವಳ ಬಾಯಲ್ಲಿ ಮಾತಿಲ್ಲ. ಕುಡಿಯುವುದು, ಕೊರಗುವುದು, ಹುಡುಕುವುದು ಎಲ್ಲಾ ಕ್ವರ್ಕ್ ಪಾಲು. ‘ಎಕ್ಲಿಪ್ಸ್ಡ್’ನಲ್ಲಿ ಪತ್ತೇದಾರ ಇಲ್ಲ. ಲಾಂಡ್ರಿಯ ಹೆಂಗಸರೇ ಇದ್ದಾರೆ. ಬಟ್ಟೆ ಒಗೆಯುತ್ತಾ ಹಾಡುತ್ತಾರೆ, ಜಗಳ ಆಡುತ್ತಾರೆ. ಒಬ್ಬಳಿಗೆ ಎಲ್ವಿಸ್ ಪ್ರೆಸ್ಲಿ ಅಂದರೆ ಪ್ರಾಣ. ಇವರಲ್ಲೊಬ್ಬಳ ಮಗಳು ಎಷ್ಟೋ ವರ್ಷದ ಮೇಲೆ ಅಮೆರಿಕದಿಂದ ತಾಯಿಯನ್ನು ಹುಡುಕಿಕೊಂಡು ಬರುತ್ತಾಳೆ. ಪತ್ತೇದಾರಿ ಕತೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವುದು ಅನ್ಯಾಯಕ್ಕೆ ಒಳಗಾದವರು. ಒಳ್ಳೆಯ ಲೇಖಕರೂ ಈ ಕಟ್ಟಿನಿಂದ ತಪ್ಪಿಸಿಕೊಳ್ಳುವುದು ಕಷ್ಟ. ‘ದಿ ಟ್ವೆಲ್ವ್’ನ ದೆವ್ವಗಳಾದರೂ ಮಾಡುವುದೇನು? ಮುಂದೆ ಯಾರನ್ನು ಕೊಲ್ಲಬೇಕು ಅಂತ ಬೆರಳು ತೋರಿಸುತ್ತವೆ.

ಒಂದು ವಿಷಯದಲ್ಲಿ ನಾನು ಸೋಲು ಒಪ್ಪುತ್ತೇನೆ. ಕೊಲೆ ಕಾದಂಬರಿ ಕೊನೆಗೆ ಎಲ್ಲದಕ್ಕೂ ಉತ್ತರ ಕೊಟ್ಟು ಕೈ ತೊಳೆದುಕೊಳ್ಳುತ್ತದೆ ಅನ್ನುವ ದೂರು ಫ್ರೆಂಚ್ ಅವರಿಗೆ ಅಂಟುವುದಿಲ್ಲ. ಅವರ ಮೊದಲ ಕಾದಂಬರಿಯಲ್ಲಿ ಎರಡು ಒಗಟುಗಳಿವೆ. ಹಳೆಯದನ್ನು ಅವರು ಬಿಡಿಸದೇ ಬಿಟ್ಟರು. ಅದು ಎದೆಗಾರಿಕೆ. ಆ ಒಂದು ಕಾದಂಬರಿ ಐಚ್ಛಿಕ ಪತ್ರಿಕೆಯಲ್ಲಿ ಇರಲಿ, ಸಂತೋಷ.

ನಮಗೂ ಆ ರಂಗಭೂಮಿಗೂ ಒಂದು ನಂಟಿದೆ. ಎಳೆಯ ಕುವೆಂಪು ಇಂಗ್ಲಿಷಿನಲ್ಲಿ ಕವನ ಬರೆದು ತೋರಿಸಿದಾಗ, ನಿನ್ನ ಮಾತಿನಲ್ಲೇ ಬರಿ ಅಂತ ಹೇಳಿದ ಐರಿಶ್ ಕವಿ ಜೇಮ್ಸ್ ಕಸಿನ್ಸ್ ನಾಟಕಕಾರರೂ ಹೌದು. ಆ್ಯಬಿ ಥಿಯೇಟರ್ ಹುಟ್ಟುವ ಮುಂಚೆ, 1902ರಲ್ಲಿ ಡಬ್ಲಿನ್ನಿನಲ್ಲಿ ಫೇ ಸೋದರರ ತಂಡ ಅವರ ನಾಟಕಗಳನ್ನು ಆಡಿತ್ತು. ಐರಿಶ್ ಪಾಠದಿಂದ ನಾಟಕ ತೆಗೆಯುವ ಮಾತು ಬಂದಾಗ ನನಗೆ ಸಂಕಟ ಆಗುವುದಕ್ಕೆ ಇದೂ ಒಂದು ಕಾರಣ.

ಬಿಡುವ ಪಟ್ಟಿಯಲ್ಲಿ ಬೇಗ ಸೇರುವ ನಾಟಕ ಯಾವುದು ಅಂತ ನನಗೆ ಗೊತ್ತು. ಫ್ರೀಲ್ ಅವರ ‘ದಿ ಫ್ರೀಡಮ್ ಆಫ್ ದಿ ಸಿಟಿ’. ಅವರದೇ ‘ಟ್ರಾನ್ಸ್‌ಲೇಶನ್ಸ್’ ಜಾಸ್ತಿ ಹೆಸರು ಮಾಡಿದೆ, ಅದಿದ್ದರೆ ಇದು ಯಾಕೆ ಅನ್ನುತ್ತಾರೆ. ಹಿನ್ನೆಲೆ ಇಷ್ಟು. 1972ರ ಜನವರಿ 30ರಂದು ಉತ್ತರ ಐರ್ಲೆಂಡಿನ ಡೆರ್ರಿಯಲ್ಲಿ ಬ್ರಿಟಿಷ್ ಸೈನಿಕರು ನಾಗರಿಕ ಹಕ್ಕು ಕೇಳಿ ಹೊರಟ ಮೆರವಣಿಗೆಯ ಮೇಲೆ ಗುಂಡು ಹಾರಿಸಿದರು. ಅಂದೇ 13 ಜನ ಸತ್ತರು. ಫ್ರೀಲ್ ಆ ಮೆರವಣಿಗೆಯಲ್ಲಿದ್ದರು. ಏಪ್ರಿಲ್‌ನಲ್ಲಿ ಬಂದ ನ್ಯಾಯಾಧೀಶರ ವರದಿ ಸೈನಿಕರ ಮೇಲಿನ ದೋಷವನ್ನು ಬಹುಮಟ್ಟಿಗೆ ಅಳಿಸಿಹಾಕಿತು. ಸತ್ತವರು ತಪ್ಪಿಲ್ಲದವರು ಅಂತ ಸರ್ಕಾರ ಒಪ್ಪಲು 2010ರವರೆಗೆ ಕಾಯಬೇಕಾಯಿತು. ನಾಟಕ ಆ್ಯಬಿಯಲ್ಲಿ 1973ರ ಫೆಬ್ರವರಿಯಲ್ಲೇ ಬಂತು.

ತೆರೆ ಎದ್ದಾಗ ರಂಗದ ಮುಂದೆ ಮೂರು ಹೆಣ. ಫೋಟೋ ತೆಗೆಯುವವನೊಬ್ಬ ತನಗೂ ಗುಂಡು ಬಿದ್ದೀತು ಅಂತ ಬಗ್ಗಿಕೊಂಡು ಓಡಿ ಬಂದು ಫೋಟೋ ತೆಗೆಯುತ್ತಾನೆ. ಪಾದ್ರಿ ಬಿಳಿ ಕರವಸ್ತ್ರ ಹಿಡಿದು ಬಂದು ಪ್ರಾರ್ಥನೆ ಹೇಳುತ್ತಾನೆ. ಸೈನಿಕರು ಹೆಣಗಳನ್ನು ಕಾಲು ಹಿಡಿದು ಎಳೆದೊಯ್ಯುತ್ತಾರೆ. ಮೇಲೆ ನ್ಯಾಯಾಧೀಶ ಕೂತು ವಿಚಾರಣೆ ಶುರು ಮಾಡುತ್ತಾನೆ. ಇಲ್ಲಿಯವರೆಗೆ ಇದು ಯಾವ ಕೊಲೆ ಕತೆಗೂ ಒಪ್ಪುವ ಆರಂಭವೇ. ಆಮೇಲೆ ಆ ಮೂವರೂ ಬದುಕಿದ್ದ ಗಳಿಗೆಗಳು ನಮ್ಮ ಮುಂದೆ ನಡೆಯುತ್ತವೆ. ಅಶ್ರುವಾಯುವಿಗೆ ಕಣ್ಣು ಉರಿದು ಅವರು ನುಗ್ಗಿದ ಬಾಗಿಲು ಮೇಯರ್ ಕೋಣೆಯದ್ದು. ಮೇಯರನ ಹೆಂಡ ಕುಡಿಯುತ್ತಾರೆ, ಅವನ ನಿಲುವಂಗಿ ತೊಟ್ಟು ಆಟ ಆಡುತ್ತಾರೆ. ಹನ್ನೊಂದು ಮಕ್ಕಳ ತಾಯಿ ಲಿಲಿ ತಾನು ಮೆರವಣಿಗೆಗೆ ಬರುವುದು ಯಾಕೆ ಅಂತ ಕೊನೆಗೂ ಹೇಳುತ್ತಾಳೆ. ಮಕ್ಕಳಲ್ಲೊಬ್ಬ ಹುಟ್ಟಿನಿಂದಲೇ ಬುದ್ಧಿ ಬೆಳೆಯದವನು, ಅವನಿಗಾಗಿ. ಅವರ ಹತ್ತಿರ ಬಂದೂಕು ಇಲ್ಲ ಅಂತ ನಾವು ಕಣ್ಣಾರೆ ನೋಡಿದ್ದೇವೆ. ಇತ್ತ ನ್ಯಾಯಾಧೀಶ ಇತ್ತು ಅಂತ ತೀರ್ಪು ಓದುತ್ತಾನೆ. ಯಾರು ಕೊಂದರು ಅನ್ನುವ ಒಗಟೇ ಇಲ್ಲ. ಗೊತ್ತಿದ್ದೂ ಕೂತಿರುವವರು ನಾವು.

ಕೊನೆಯಲ್ಲಿ ರಂಗ ಕತ್ತಲು. ಬೆಳಕು ಆ ಮೂವರ ಮೇಲಷ್ಟೇ. ಕೈ ಮೇಲೆತ್ತಿ ನಿಂತು ಪ್ರೇಕ್ಷಕರನ್ನೇ ನೋಡುತ್ತಿದ್ದಾರೆ. ಹದಿನೈದು ಸೆಕೆಂಡು ಗುಂಡಿನ ಸದ್ದು. ಸದ್ದು ನಿಂತ ಮೇಲೂ ಅವರು ಹಾಗೇ ನಿಂತಿರುತ್ತಾರೆ, ಕೈ ಎತ್ತಿಕೊಂಡು.