ಒಂದು ನಟ್ಟು ಬಿಗಿ ಮಾಡುವುದಕ್ಕೂ ಪುರುಸೊತ್ತಿಲ್ವಾ?

ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಮತ್ತೆ ಅದೇ ಕಥೆ. ಪಕ್ಕದಲ್ಲಿದ್ದವರು ಮಾಡೆಲ್ ವಿಮಾನದ ಗ್ಲೋ ಎಂಜಿನ್ (ಇಂಧನದಿಂದ ಓಡುವ ಪುಟ್ಟ ಎಂಜಿನ್) ಸ್ಟಾರ್ಟ್ ಮಾಡಿದರು. ಎಂಜಿನ್ ಒಮ್ಮೆ ಉಲ್ಟಾ ಒದೆಯಿತು, ಪ್ರೊಪೆಲ್ಲರ್ ಹಿಡಿದಿಡುವ ನಟ್ಟು ಬಿಚ್ಚಿಕೊಂಡಿತು, ಪ್ರೊಪೆಲ್ಲರ್ ಹಾರಿ ನನ್ನ ಕಾಲ ಹತ್ತಿರ ಬಿತ್ತು. "ಕೈಯಲ್ಲೇ ಬಿಗಿ ಮಾಡಿದ್ದೆ ಸಾರ್" ಅಂದರು. ಕೈಯಲ್ಲಿ ತಿರುಗಿಸಿದರೆ ಸಾಕಾಗುತ್ತಾ?

10 ಇಂಚಿನ ಪ್ರೊಪೆಲ್ಲರ್ ನಿಮಿಷಕ್ಕೆ 10,000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 480 ಕಿಲೋಮೀಟರ್. ಬೆರಳು ಸಿಕ್ಕರೆ ಏನಾಗಬೇಕು?

ನನಗೆ ಇನ್ನೂ ಜಾಸ್ತಿ ಸಿಟ್ಟು ಬರುವುದು ಪ್ರೊಪೆಲ್ಲರ್ ನಡುವಿನ ತೂತಿನ ವಿಷಯಕ್ಕೆ. ಎಂಜಿನ್ನಿನ ಶಾಫ್ಟಿಗೆ ಪ್ರೊಪೆಲ್ಲರ್ ಕೂರಲಿಲ್ಲ ಅಂತ ಡ್ರಿಲ್ ಹಿಡಿದು ಸುಮ್ನೆ ಕೊರೆದುಬಿಡುತ್ತಾರೆ. ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಇಡೀ ವಿಮಾನ ನಡುಗುತ್ತದೆ. ನಡುಗಿದರೆ ನಟ್ಟು ಮತ್ತೆ ಸಡಿಲ. ರೀಮರ್ ಅನ್ನುವ ಉಪಕರಣ ಇರುವುದೇ ಇದಕ್ಕೆ. ತೂತನ್ನು ನಡುವಿನಿಂದ ಸರಿಸದೆ ನಿಧಾನವಾಗಿ ದೊಡ್ಡದು ಮಾಡುತ್ತದೆ. ಮರದ ಪ್ರೊಪೆಲ್ಲರ್ ಆದರಂತೂ ನಟ್ಟಿನ ಕೆಳಗೆ ಮರ ಅಮುಕಿಕೊಳ್ಳುತ್ತದೆ, ಒಣಹವೆಗೆ ಕುಗ್ಗುತ್ತದೆ. ಹೋದ ವಾರ ಬಿಗಿ ಮಾಡಿದ್ದು ಈ ವಾರದ ಲೆಕ್ಕಕ್ಕಿಲ್ಲ. ಪ್ರತಿ ಸಲ ಹಾರಿಸುವ ಮೊದಲು ನೋಡಲೇಬೇಕು.

ಇಕ್ಕಳ ಹಾಕಬೇಡಿ, ನಟ್ಟಿನ ಮೂಲೆ ಸವೆದುಹೋಗುತ್ತದೆ. ಸರಿಯಾದ ಅಳತೆಯ ಸ್ಪ್ಯಾನರ್, ಒಂದು ವಾಷರ್, ಮೇಲೊಂದು ಲಾಕ್ ನಟ್ಟು. ಎರಡು ನಿಮಿಷದ ಕೆಲಸ ಅಲ್ವಾ? ಮುಂದಿನ ಭಾನುವಾರ ದಯವಿಟ್ಟು ಸ್ಪ್ಯಾನರ್ ತನ್ನಿ. ಚಿಕ್ಕ ಮಕ್ಕಳು ಅಲ್ಲೇ ನಿಂತು ನೋಡುತ್ತಿರುತ್ತಾರೆ.