ಕುಂಚ ಎತ್ತುವ ಮುನ್ನ ಗೋಡೆಯ ಆಚೆ ಇರುವವರನ್ನು ಕೇಳಬೇಕು

ಸಾಮಾಜಿಕ ಸಂದೇಶ ಹೊತ್ತ ಭಿತ್ತಿಚಿತ್ರಗಳ ಫೋಟೊಗಳನ್ನು ನಾವೆಲ್ಲ ಮೆಚ್ಚಿ ಹಂಚಿಕೊಳ್ಳುತ್ತೇವೆ. ಹೆಣ್ಣುಮಕ್ಕಳ ಶಿಕ್ಷಣ, ಪರಿಸರ, ಸೌಹಾರ್ದ, ಹೀಗೆ ವಿಷಯ ಯಾವುದೇ ಇರಲಿ, ಆಶಯ ಒಳ್ಳೆಯದಿದ್ದು ಬಣ್ಣ ಕಣ್ಣಿಗೆ ಹಿತವಾಗಿದ್ದರೆ ಸಾಕು ಎಂದುಕೊಳ್ಳುತ್ತೇವೆ. ನನಗೆ ಅಷ್ಟು ಸಾಲದು ಎನಿಸುತ್ತದೆ. ಏನು ಬರೆಯಬೇಕು, ಯಾರು ಬರೆಯಬೇಕು, ಅದು ಎಷ್ಟು ಕಾಲ ಉಳಿಯಬೇಕು ಎಂದು ನಿರ್ಧರಿಸುವಲ್ಲಿ ಆ ಗೋಡೆಯನ್ನು ದಿನವೂ ನೋಡುತ್ತ ಬದುಕುವವರಿಗೆ ಪಾಲಿದ್ದರೆ ಮಾತ್ರ ಆ ಚಿತ್ರವನ್ನು ಸಮುದಾಯದ ಕಲೆ ಎಂದು ಕರೆಯಬಹುದು ಎಂಬುದು ನನ್ನ ದೃಢವಾದ ಅಭಿಪ್ರಾಯ.

1967ರಲ್ಲಿ ಷಿಕಾಗೊ ನಗರದ ದಕ್ಷಿಣ ಭಾಗದ ಒಂದು ಹಳೆಯ ಕಟ್ಟಡದ ಮೇಲೆ ಕಪ್ಪು ಕಲಾವಿದರ ಗುಂಪೊಂದು ‘ವಾಲ್ ಆಫ್ ರೆಸ್ಪೆಕ್ಟ್’ ರಚಿಸಿತು. ಮುಹಮ್ಮದ್ ಅಲಿ, ಮಾಲ್ಕಮ್ ಎಕ್ಸ್, ನೀನಾ ಸಿಮೋನ್ ಮೊದಲಾದವರ ಮುಖಗಳು ಅಲ್ಲಿ ಮೂಡಿದವು. ತಮ್ಮವರ ಮುಖವನ್ನು ಯಾವ ಗ್ಯಾಲರಿಯಲ್ಲೂ ಕಾಣದಿದ್ದ ಜನ ಅದರ ಮುಂದೆ ಸೇರತೊಡಗಿದರು. ಅಲ್ಲಿಯೇ ಕವನ ಓದಿದರು, ಸಂಗೀತ ನುಡಿಸಿದರು, ರಾಜಕೀಯ ಚರ್ಚಿಸಿದರು. 1971ರಲ್ಲಿ ಬೆಂಕಿ ತಗುಲಿದ ಆ ಕಟ್ಟಡವನ್ನು ಕೆಡವಲಾಯಿತು. ಆದರೆ ಅಷ್ಟು ಹೊತ್ತಿಗೆ ಅಮೆರಿಕದ ಹಲವು ನಗರಗಳ ಬಡ ಬಡಾವಣೆಗಳು ಅದರಿಂದ ಪ್ರೇರಣೆ ಪಡೆದು ತಮ್ಮ ಗೋಡೆಗಳ ಮೇಲೆ ತಮ್ಮದೇ ಕಥೆ ಬರೆಯಲು ತೊಡಗಿದ್ದವು.

ಲಾಸ್ ಏಂಜಲೀಸ್‌ನಲ್ಲಿ ಕಲಾವಿದೆ ಜೂಡಿ ಬಾಕಾ 1976ರಲ್ಲಿ ಪ್ರವಾಹ ನಿಯಂತ್ರಣ ಕಾಲುವೆಯೊಂದರ ಕಾಂಕ್ರೀಟ್ ಗೋಡೆಯ ಮೇಲೆ ಆರಂಭಿಸಿದ ‘ಗ್ರೇಟ್ ವಾಲ್’ ಇನ್ನೂ ದೊಡ್ಡ ಉದಾಹರಣೆ. ಹಲವು ಬೇಸಿಗೆಗಳಲ್ಲಿ ನೂರಾರು ಹದಿಹರೆಯದವರು ಅದರಲ್ಲಿ ದುಡಿದರು. ಅವರಲ್ಲಿ ಕೆಲವರು ಕಾನೂನಿನ ತೊಂದರೆಗೆ ಸಿಲುಕಿದ್ದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಶಿಬಿರಗಳಿಗೆ ದೂಡಿದ್ದು, 1930ರ ದಶಕದಲ್ಲಿ ಮೆಕ್ಸಿಕನ್ ಮೂಲದವರನ್ನು ಗಡಿಯಾಚೆಗೆ ಕಳಿಸಿದ್ದು, ಇಂಥ ಅಧ್ಯಾಯಗಳನ್ನೆಲ್ಲ ಅವರು ಮೊದಲು ಕೇಳಿ ತಿಳಿದು ಬಳಿಕ ಚಿತ್ರಿಸಿದರು. ತಮ್ಮ ಹಿರಿಯರಿಗೆ ಆದ ಅನ್ಯಾಯವನ್ನು ಮಕ್ಕಳು ತಮ್ಮ ಕೈಯಿಂದಲೇ ಬರೆಯುವಾಗ ಆಗುವ ಕಲಿಕೆಯನ್ನು ಸಿದ್ಧ ಚಿತ್ರವೊಂದನ್ನು ತಂದು ಗೋಡೆಗೆ ಏರಿಸುವ ಯಾವ ಯೋಜನೆಯೂ ಕೊಡಲಾರದು.

ಜನರನ್ನು ಸೇರಿಸಿಕೊಂಡರೆ ಕೆಲಸದ ಗುಣಮಟ್ಟ ಕುಸಿಯುತ್ತದೆ ಎಂಬ ಆಕ್ಷೇಪವನ್ನು ಒಪ್ಪಲಾರೆ. ಫಿಲಡೆಲ್ಫಿಯಾದಲ್ಲಿ 1984ರಲ್ಲಿ ಗ್ರಾಫಿಟಿ (ಅನುಮತಿಯಿಲ್ಲದೆ ಗೋಡೆಗಳ ಮೇಲೆ ಗೀಚುವುದು) ತಡೆಯುವ ಸರ್ಕಾರಿ ಕಾರ್ಯಕ್ರಮವಾಗಿ ಹುಟ್ಟಿ ಭಿತ್ತಿಚಿತ್ರಗಳತ್ತ ತಿರುಗಿದ ಸಂಸ್ಥೆ ಅನುಸರಿಸುವ ಒಂದು ವಿಧಾನವನ್ನು ನೋಡಿ. ಕಲಾವಿದ ರಚಿಸಿದ ವಿನ್ಯಾಸವನ್ನು ತೆಳುವಾದ ಬಟ್ಟೆಯ ಚೌಕಗಳಿಗೆ ಇಳಿಸಿ, ಪ್ರತಿ ಭಾಗಕ್ಕೂ ಬಣ್ಣದ ಸಂಖ್ಯೆ ಗುರುತಿಸುತ್ತಾರೆ. ಆ ತುಂಡುಗಳು ಶಾಲೆಗೆ, ಸಮುದಾಯ ಭವನಕ್ಕೆ, ಜೈಲಿಗೂ ಹೋಗುತ್ತವೆ. ಏಣಿ ಹತ್ತಲಾರದ ವೃದ್ಧೆಯೂ ಮೇಜಿನ ಮುಂದೆ ಕುಳಿತು ತನ್ನ ಪಾಲಿನ ಬಣ್ಣ ತುಂಬಬಹುದು. ಬಳಿಕ ಅವನ್ನೆಲ್ಲ ಜೋಡಿಸಿ, ಅಕ್ರಿಲಿಕ್ ಅಂಟಿನಿಂದ ಗೋಡೆಗೆ ಹಚ್ಚಿ, ಅಂಚುಗಳು ಕಾಣದಂತೆ ಕಲಾವಿದ ತಿದ್ದುತ್ತಾನೆ. ಪರಿಣತಿಯೂ ಉಳಿಯಿತು, ಪಾಲುದಾರಿಕೆಯೂ ಉಳಿಯಿತು.

ಚಿತ್ರ ಮುಗಿದ ಮೇಲಿನ ಕಥೆಯೇ ನನ್ನನ್ನು ಹೆಚ್ಚು ಕಾಡುವುದು. ಬಡ ಕೇರಿಯ ಗೋಡೆಗಳು ಬಣ್ಣ ತಳೆದು ಹೆಸರಾದಾಗ ನೋಡಲು ಜನ ಬರುತ್ತಾರೆ, ಅವರ ಹಿಂದೆಯೇ ಹೂಡಿಕೆದಾರರು ಬರುತ್ತಾರೆ, ಬಾಡಿಗೆ ಏರುತ್ತದೆ. ಯಾರ ಬದುಕನ್ನು ಚಿತ್ರ ಹೊಗಳಿತ್ತೋ ಅವರೇ ಜಾಗ ಖಾಲಿ ಮಾಡಬೇಕಾಗುತ್ತದೆ. ಎಲ್ಲ ಕಡೆಯೂ ಹೀಗಾಗುತ್ತದೆ ಎನ್ನಲಾರೆ, ಬಾಡಿಗೆ ಏರಲು ಬೇರೆ ಕಾರಣಗಳೂ ಇರುತ್ತವೆ. ಆದರೂ ಬರ್ಲಿನ್‌ನ ಕ್ರಾಯ್ಟ್ಸ್‌ಬರ್ಗ್‌ನಲ್ಲಿ ಬ್ಲೂ ಎಂಬ ಹೆಸರಿನ ಇಟಲಿಯ ಕಲಾವಿದನ ಎರಡು ಪ್ರಸಿದ್ಧ ಚಿತ್ರಗಳಿಗೆ 2014ರ ಡಿಸೆಂಬರ್‌ನಲ್ಲಿ ಆತನ ಒಪ್ಪಿಗೆಯಿಂದಲೇ ಕಪ್ಪು ಬಣ್ಣ ಬಳಿಯಲಾಯಿತು. ಆ ಜಾಗ ಕಟ್ಟಡ ವ್ಯವಹಾರದವರ ಕೈಗೆ ಹೋಗುತ್ತಿದ್ದಾಗ ತನ್ನ ಚಿತ್ರ ಅದರ ಬೆಲೆ ಹೆಚ್ಚಿಸುವ ಅಲಂಕಾರವಾಗುವುದು ಆ ಕಲಾವಿದನಿಗೆ ಬೇಡವಾಗಿತ್ತು. ಆ ನಿರ್ಧಾರವನ್ನು ನಾನು ಗೌರವಿಸುತ್ತೇನೆ. ಆದರೆ ಅಲ್ಲಿಯೂ ನಿರ್ಧಾರ ಕಲಾವಿದನ ಕಡೆಯವರದ್ದೇ ಆಗಿತ್ತು. ವರ್ಷಗಟ್ಟಲೆ ಆ ಚಿತ್ರಗಳನ್ನು ತಮ್ಮ ಬೀದಿಯ ಗುರುತಾಗಿ ಕಂಡ ನೆರೆಯವರು ಬೆಳಗಾದಾಗ ಕಪ್ಪು ಗೋಡೆಯನ್ನು ನೋಡಬೇಕಾಯಿತು.

ಕಾನೂನೂ ಈ ನೆರೆಯವರನ್ನು ಗುರುತಿಸುವುದಿಲ್ಲ. ನ್ಯೂಯಾರ್ಕಿನ ‘ಫೈವ್ ಪಾಯಿಂಟ್ಸ್’ ಕಟ್ಟಡದ ಚಿತ್ರಗಳಿಗೆ 2013ರಲ್ಲಿ ಮಾಲೀಕ ರಾತ್ರೋರಾತ್ರಿ ಬಿಳಿ ಬಣ್ಣ ಬಳಿಸಿದಾಗ, ಕಲಾವಿದರ ಹಕ್ಕಿನ 1990ರ ಕಾಯ್ದೆಯ ಅಡಿಯಲ್ಲಿ ನ್ಯಾಯಾಲಯ 2018ರಲ್ಲಿ 21 ಕಲಾವಿದರಿಗೆ 67 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಅದು ನ್ಯಾಯವಾದ ತೀರ್ಪು. ಆದರೆ ಮಾಲೀಕನಿಗೆ ಆಸ್ತಿಯ ಹಕ್ಕು, ಕಲಾವಿದನಿಗೆ ಕೃತಿಯ ಹಕ್ಕು ಇರುವಲ್ಲಿ, ಎದುರು ಮನೆಯವರಿಗೆ ಅಭಿಪ್ರಾಯ ಹೇಳುವ ಅವಕಾಶವೂ ಇಲ್ಲ. ಕಾಯ್ದೆ ಬದಲಾಗುವವರೆಗೆ ಕಾಯಬೇಕಿಲ್ಲ. ಪ್ರಾಯೋಜಕರು, ಮಾಲೀಕರು, ಕಲಾವಿದರು ಮಾಡಿಕೊಳ್ಳುವ ಒಪ್ಪಂದದಲ್ಲಿಯೇ ನಿವಾಸಿಗಳನ್ನು ನಾಲ್ಕನೆಯ ಪಕ್ಷವಾಗಿ ಸೇರಿಸಬಹುದು. ವಿಷಯವನ್ನು ಅವರ ಸಭೆಯಲ್ಲಿ ಚರ್ಚಿಸುವುದು, ಬಿಸಿಲಿಗೆ ಬಣ್ಣ ಮಾಸಿದಾಗ ಅಥವಾ ತೇವಕ್ಕೆ ಗಾರೆ ಉದುರಿದಾಗ ದುರಸ್ತಿಗೆಂದು ಹಣ ಮೊದಲೇ ತೆಗೆದಿಡುವುದು, ಅಳಿಸುವ ಮುನ್ನ ಅವರಿಗೆ ನೋಟಿಸ್ ಕೊಡುವುದು, ಇವಿಷ್ಟನ್ನು ಬರೆಯಲು ಒಪ್ಪಂದದಲ್ಲಿ ಒಂದು ಪುಟ ಸಾಕು.